ಗಾಳಿಮಳೆಗೆ ಇಂಟರ್ನೆಟ್ ನಿಂತರೆ: ಮೋಡೆಮ್ ದೀಪದಿಂದ ಡಯಲ್ ಎರರ್‌ವರೆಗೆ

ಇಂಟರ್ನೆಟ್ ನಿಂತ ಕೂಡಲೇ ಸ್ವಿಚ್ಚಿಗೆ ಕೈ ಹಾಕಬೇಡಿ. ಮೊದಲು ಮೋಡೆಮ್‌ನ ದೀಪಗಳ ಒಂದು ಫೋಟೊ ತೆಗೆಯಿರಿ. ಮಿನುಗುವ ದೀಪವಿದ್ದರೆ ಹತ್ತು ಸೆಕೆಂಡಿನ ವಿಡಿಯೊ ಮಾಡಿ. ಆಫ್ ಮಾಡಿ ಆನ್ ಮಾಡಿದರೆ ಆ ಹೊತ್ತಿನ ಸುಳಿವು ಹೋಗಿಬಿಡುತ್ತದೆ. ಸಂಪರ್ಕ ಬಂದರೂ ಯಾಕೆ ಹೋಗಿತ್ತೆಂದು ಗೊತ್ತಾಗುವುದಿಲ್ಲ, ನಾಳೆ ಮತ್ತೆ ಹೋಗುತ್ತದೆ.

ಮಂಗಳೂರು, ಉಡುಪಿ ಕಡೆಯಲ್ಲಿ ತೊಂದರೆಗಳಿಗೆ ಒಂದು ಋತುಮಾನವಿದೆ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೂ ಅಕ್ಟೋಬರಿನ ಹಿಂಗಾರಿಗೂ ಸಿಡಿಲು ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಡಿಲಿಗಿಂತ ತೇವ, ಗಾಳಿ, ಬೀಳುವ ಮರ ಮತ್ತು ಕರೆಂಟು ಹೋಗುವುದೇ ಮುಖ್ಯ ಕಾರಣ. ಉಳ್ಳಾಲ, ಸುರತ್ಕಲ್, ಮಲ್ಪೆ, ಕಾಪುವಿನಂತಹ ಕಡಲ ಬದಿಯಲ್ಲಿ ವರ್ಷವಿಡೀ ಉಪ್ಪುಗಾಳಿಯ ತುಕ್ಕು. ಯಾವ ತಿಂಗಳಲ್ಲಿ ಏನನ್ನು ಮೊದಲು ನೋಡಬೇಕೆಂಬುದು ಇದರಿಂದಲೇ ಅರ್ಧ ತೀರ್ಮಾನವಾಗುತ್ತದೆ.

ಉಳಿದರ್ಧಕ್ಕೆ ದೀಪಗಳಿವೆ. ಕಂಬದಿಂದ ಮನೆಗೆ ಬರುವ ವಯರು, ಮೋಡೆಮ್, ಕಂಪನಿಯ ಸರ್ವರಿಗೆ ಲಾಗಿನ್, ಮನೆಯೊಳಗಿನ ವೈ-ಫೈ, ಕೊನೆಗೆ ನಿಮ್ಮ ಫೋನು ಅಥವಾ ಕಂಪ್ಯೂಟರ್. ಈ ಐದರಲ್ಲಿ ಕೊಂಡಿ ಎಲ್ಲಿ ಕಳಚಿದೆ ಎಂದು ಗೊತ್ತು ಮಾಡಿಕೊಳ್ಳುವುದೇ ರಿಪೇರಿಯ ಮುಕ್ಕಾಲು ಕೆಲಸ.

ಫೈಬರ್ ಮೋಡೆಮ್‌ನ ದೀಪಗಳು

ಫೈಬರ್ ಸಂಪರ್ಕದ (ಗಾಜಿನ ಎಳೆಯಲ್ಲಿ ಬೆಳಕಾಗಿ ಇಂಟರ್ನೆಟ್ ಬರುವ) ಮೋಡೆಮ್‌ನಲ್ಲಿ (ಲೈನ್‌ಮ್ಯಾನ್ ಬಾಯಲ್ಲಿ ಇದು ಒಎನ್‌ಟಿ ಅಥವಾ ಒಎನ್‌ಯು) ನೋಡಬೇಕಾದ ದೀಪಗಳು ಪವರ್, ಪಾನ್ (ಕಂಪನಿಯ ಯಂತ್ರದೊಂದಿಗಿನ ಫೈಬರ್ ಕೊಂಡಿ), ಎಲ್‌ಒಎಸ್ (ಲಾಸ್ ಆಫ್ ಸಿಗ್ನಲ್, ಅಂದರೆ ಬೆಳಕು ಬರುತ್ತಿಲ್ಲ), ಇಂಟರ್ನೆಟ್.

ಎಲ್‌ಒಎಸ್ ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಅಥವಾ ಮೋಡೆಮ್ ಹಿಡಿಯಲಾರದಷ್ಟು ಮಂಕಾಗಿದೆ. ತೊಂದರೆ ವಯರಿನಲ್ಲಿದೆ. ಪಾಸ್‌ವರ್ಡ್ ಬದಲಿಸುವುದು, ಮೋಡೆಮ್ ರೀಸೆಟ್ ಮಾಡುವುದು, ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವುದು ಯಾವುದೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎಲ್‌ಒಎಸ್ ಆರಿದೆ, ಆದರೆ ಪಾನ್ ಹಸಿರು ಮಿನುಗುತ್ತಲೇ ಇದೆ ಎಂದರೆ ಬೆಳಕು ಬರುತ್ತಿದೆ, ಕಂಪನಿ ಕಡೆಯ ಯಂತ್ರ ನಿಮ್ಮ ಮೋಡೆಮನ್ನು ಗುರುತಿಸಿ ಸೇರಿಸಿಕೊಂಡಿಲ್ಲ. ಹೊಸ ಮೋಡೆಮ್ ಹಾಕಿದ ಮೇಲೆ ಹೀಗಾದರೆ ಅದರ ಸೀರಿಯಲ್ ನಂಬರ್ ಕಂಪನಿಯಲ್ಲಿ ದಾಖಲಾಗಿಲ್ಲ. ಹಳೆ ಮೋಡೆಮ್‌ನಲ್ಲಿ ಹೀಗಾದರೆ ನಿಮ್ಮಿಂದ ಆಚೆಗೆ ಹೋಗುವ ಬೆಳಕು ಅಲ್ಲಿಗೆ ಸರಿಯಾಗಿ ಮುಟ್ಟುತ್ತಿಲ್ಲ ಎಂಬ ಸಾಧ್ಯತೆ ಹೆಚ್ಚು. ಬರುವ ಬೆಳಕು 1490 ನ್ಯಾನೊಮೀಟರ್, ಹೋಗುವ ಬೆಳಕು 1310. ಒಂದೇ ಎಳೆಯಲ್ಲಿ ಎರಡೂ ಓಡುವುದರಿಂದ ಒಂದು ದಿಕ್ಕು ಸರಿಯಿದ್ದು ಇನ್ನೊಂದು ಕೆಡುವುದುಂಟು.

ಪಾನ್ ಸ್ಥಿರವಾಗಿ ಉರಿಯುತ್ತಿದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ವಯರಿನ ಕಡೆ ನೋಡಲೇಬೇಡಿ. ಅದು ಲಾಗಿನ್ ತೊಂದರೆ, ಕೆಳಗಿನ ‘ಡಯಲ್ ಆಗದಿದ್ದರೆ’ ಭಾಗ ನೋಡಿ. ಒಂದು ಎಚ್ಚರಿಕೆ: ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿದ್ದು (ತಾನು ಲಾಗಿನ್ ಮಾಡದೆ ಸಂಪರ್ಕವನ್ನು ಮುಂದಕ್ಕೆ ದಾಟಿಸುವುದಷ್ಟೇ) ಡಯಲ್ ಮಾಡುವುದು ಬೇರೆ ರೂಟರ್ ಆಗಿದ್ದರೆ ಮೋಡೆಮ್‌ನ ಇಂಟರ್ನೆಟ್ ದೀಪ ಉರಿಯದಿರುವುದು ಸಹಜ. ಆಗ ರೂಟರಿನ ದೀಪ ನೋಡಬೇಕು.

ಕೆಂಪು ದೀಪ ಬಂದರೆ ವಯರಿನ ಜಾಡು ಹಿಡಿಯಿರಿ

ಮೋಡೆಮ್ ಹಿಂದಿನ ಹಸಿರು ಪ್ಲಗ್ಗಿನಿಂದ ಶುರು ಮಾಡಿ. ಅದನ್ನು ಒಳಕ್ಕೆ ಒತ್ತಿದಾಗ ಕ್ಲಿಕ್ ಎನ್ನಬೇಕು. ನೆಲ ಗುಡಿಸುವಾಗ, ಮೇಜು ಸರಿಸುವಾಗ ಅರ್ಧ ಮಿಲಿಮೀಟರ್ ಜಾರಿದರೂ ಬೆಳಕು ಕಡಿಮೆಯಾಗುತ್ತದೆ. ಹಸಿರು ಪ್ಲಗ್ಗಿನ ತುದಿಯನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದು ನೇರ. ಹಸಿರನ್ನು ನೀಲಿ ಸಾಕೆಟ್ಟಿಗೆ ತುರುಕಿದರೆ ಕೂರುತ್ತದೆ, ಆದರೆ ಬೆಳಕು ಸೋರಿಹೋಗುತ್ತದೆ. ಪ್ಲಗ್ ಬಿಚ್ಚಿದರೆ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಬೇಡಿ. ಅದರಲ್ಲಿರುವುದು ಕಣ್ಣಿಗೆ ಕಾಣದ ಲೇಸರ್. ಬೆರಳು ತಾಗಿಸುವುದು, ಬಾಯಿಂದ ಊದುವುದು, ಲುಂಗಿಯ ಅಂಚಿನಿಂದ ಒರೆಸುವುದು ಬೇಡ. ಊದಿದರೆ ತೇವ, ಒರೆಸಿದರೆ ಹತ್ತಿಯ ಎಳೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಎಳೆ ಬಿಡದ ಟಿಶ್ಯೂಗೆ ಒಂದು ಹನಿ ಹಾಕಿ, ತುದಿಯನ್ನು ಒಂದೇ ದಿಕ್ಕಿಗೆ ಎಳೆದು, ಒಣಗಿದ ಮೇಲೆ ಹಾಕಿ.

ಬಳಿಕ ವಯರನ್ನು ಹಿಡಿದು ಹೊರಗೆ ಹೋಗಿ. ಫೈಬರನ್ನು 3 ಸೆಂ.ಮೀ. ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಗ್ಗಿಸಬಾರದು. ಕಿಟಕಿ ಬಾಗಿಲಿಗೆ ಸಿಕ್ಕಿ ಅಪ್ಪಚ್ಚಿಯಾಗಿರುವುದು, ಮೊಳೆ ಕ್ಲಿಪ್ ಬಿಗಿಯಾಗಿ ಹೊಡೆದಿರುವುದು, ಉಳಿದ ವಯರನ್ನು ಬೆಂಕಿಪೊಟ್ಟಣದಷ್ಟಕ್ಕೆ ಸುತ್ತಿ ಟೇಪ್ ಹಾಕಿರುವುದು ಎಲ್ಲಾ ಕಡೆ ಕಾಣುವ ತಪ್ಪುಗಳು. ಸುರುಳಿಯನ್ನು ಒಂದು ಊಟದ ತಟ್ಟೆಯ ಅಗಲಕ್ಕೆ ಬಿಡಿಸಿದಾಗಲೇ ಎಷ್ಟೋ ಸಲ ಕೆಂಪು ದೀಪ ಆರುತ್ತದೆ.

ಅಂಗಳದ ಆಚೆ ವಯರು ತೆಂಗಿನಿಂದ ತೆಂಗಿಗೆ, ಅಡಿಕೆ ಮರದಿಂದ ಕಂಬಕ್ಕೆ ಹಾರಿರುತ್ತದೆ. ಅಲ್ಲಿ ಮಡಲು ಬಿದ್ದು ಜಗ್ಗಿದೆಯೇ, ಅಳಿಲು ಕಚ್ಚಿದೆಯೇ ಎಂದು ಕೆಳಗೆ ನಿಂತು ನೋಡಿ. ಡ್ರಾಪ್ ವಯರಿನ (ಕಂಬದಿಂದ ಮನೆಗೆ ಬರುವ ವಯರು) ಜೊತೆಗಿರುವ ಉಕ್ಕಿನ ತಂತಿ ಭಾರ ಹೊರುವುದಕ್ಕೆಂದೇ ಇರುವುದು. ಆ ತಂತಿ ತುಂಡಾಗಿ ಭಾರವೆಲ್ಲ ಫೈಬರ್ ಎಳೆಯ ಮೇಲೆ ಬಿದ್ದಿದ್ದರೆ ಇವತ್ತು ನಡೆದರೂ ಮುಂದಿನ ಗಾಳಿಗೆ ಹೋಗುತ್ತದೆ. ಗಾಳಿಮಳೆ ಕಳೆದ ಮೇಲೆ ಬಿದ್ದ ಯಾವ ವಯರನ್ನೂ ಕೈಯಿಂದ ಎತ್ತಬೇಡಿ. ಇಂಟರ್ನೆಟ್ ವಯರು ಮೆಸ್ಕಾಂನ (ವಿದ್ಯುತ್ ಕಂಪನಿಯ) ಕಂಬದಲ್ಲೇ ಹೋಗುವ ಜಾಗಗಳಲ್ಲಿ ಎರಡೂ ಒಂದಕ್ಕೊಂದು ತಾಗಿರಬಹುದು, ಉಕ್ಕಿನ ತಂತಿಗೆ ಕರೆಂಟು ಬರಬಹುದು.

ಬೆಳಕು ಪೂರ್ತಿ ಹೋಗದೆ ಬಂದು ಬಂದು ಹೋಗುತ್ತಿದ್ದರೆ ಅಂಕಿ ನೋಡುವುದು ಒಳ್ಳೆಯದು. ಬ್ರೌಸರಿನಲ್ಲಿ 192.168.1.1 ಎಂದು ಹಾಕಿ (ಮೋಡೆಮ್ ತಳದ ಚೀಟಿಯಲ್ಲಿ ಬೇರೆ ವಿಳಾಸವಿದ್ದರೆ ಅದನ್ನು), ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಅಥವಾ ಪಾನ್ ಎಂಬಲ್ಲಿ ಆರ್‌ಎಕ್ಸ್ ಪವರ್ (ಮೋಡೆಮ್‌ಗೆ ಬಂದು ಮುಟ್ಟುವ ಬೆಳಕಿನ ಬಲ) ಓದಿ. ಅದು ಡಿಬಿಎಂ ಎಂಬ ಅಳತೆಯಲ್ಲಿ, ಋಣ ಸಂಖ್ಯೆಯಲ್ಲಿರುತ್ತದೆ; ಸೊನ್ನೆಯಿಂದ ದೂರ ಹೋದಷ್ಟೂ ಬೆಳಕು ಮಂಕು. −15 ರಿಂದ −24 ಡಿಬಿಎಂ ಇದ್ದರೆ ಆರೋಗ್ಯ ಚೆನ್ನಾಗಿದೆ. −25 ದಾಟಿದರೆ ಮಳೆಗಾಲದಲ್ಲಿ ಕಷ್ಟವಾಗಬಹುದು. −27ರ ಆಸುಪಾಸಿನಲ್ಲಿ ಸಂಪರ್ಕ ಕಡಿಯುತ್ತಲೇ ಇರುತ್ತದೆ. −8ಕ್ಕಿಂತ ಹೆಚ್ಚು ಬೆಳಕೂ ಮೋಡೆಮ್‌ಗೆ ಆಗುವುದಿಲ್ಲ, ಆದರೆ ಮನೆಗಳಲ್ಲಿ ಅದು ಅಪರೂಪ. 3 ಡಿಬಿ ಇಳಿದರೆ ಬೆಳಕು ಅರ್ಧವಾಯಿತು ಎಂದರ್ಥ. ಒಂದು ಕಿಲೋಮೀಟರ್ ಒಳ್ಳೆಯ ಫೈಬರ್ ಸುಮಾರು 0.35 ಡಿಬಿ ಮಾತ್ರ ನುಂಗುತ್ತದೆ, ಎಂಟು ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 10 ಡಿಬಿ ತಿನ್ನುತ್ತದೆ. ಹಾಗಾಗಿ ನಿನ್ನೆ −21 ಇದ್ದದ್ದು ಇವತ್ತು −26 ಆಗಿದ್ದರೆ ಕಾರಣ ದೂರವಲ್ಲ. ಎಲ್ಲೋ ಬಗ್ಗಿದೆ, ಇಲ್ಲವೇ ಒಂದು ಜಾಯಿಂಟ್ ಕೆಟ್ಟಿದೆ.

ಜಾಯಿಂಟಿನ ವಿಷಯದಲ್ಲಿ ಒಂದು ಮಾತು ಖಂಡಿತ ಹೇಳಬೇಕು. ಅವಸರಕ್ಕೆ ಕೈಯಲ್ಲೇ ಹಾಕುವ ಫಾಸ್ಟ್ ಕನೆಕ್ಟರ್ ನಮ್ಮ ಮಳೆಗೆ ಬಾಳುವುದಿಲ್ಲ. ಒಳಗಿನ ಜೆಲ್ ಒಣಗುತ್ತದೆ, ವಯರು ಜಗ್ಗಿದಾಗ ಎಳೆ ಜಾರುತ್ತದೆ. ಯಂತ್ರದಲ್ಲಿ ಬೆಸೆದ ಸ್ಪ್ಲೈಸ್ 0.1 ಡಿಬಿಗಿಂತ ಕಡಿಮೆ ನಷ್ಟದಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ವಯರು ಕತ್ತರಿಸಿ ಜೋಡಿಸುವ ಪ್ರಸಂಗ ಬಂದರೆ ಸ್ಪ್ಲೈಸಿಂಗ್ ಯಂತ್ರ ತರಲು ಕೇಳಿಕೊಳ್ಳಿ. ಜೋಡಿಸಿದ ಪೆಟ್ಟಿಗೆಯನ್ನು ಗೋಡೆಗೆ ಕೂರಿಸುವಾಗ ವಯರಿನ ತೂತು ಕೆಳಮುಖವಾಗಿರಲಿ. ಮನೆಯೊಳಗೆ ಬರುವ ಮುಂಚೆ ವಯರು ತೂತಿಗಿಂತ ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲೇರಲಿ. ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ, ಗೋಡೆಯೊಳಕ್ಕೆ ಹರಿಯುವುದಿಲ್ಲ. ಗೋಡೆಯ ತೂತನ್ನೂ ಹೊರಕ್ಕೆ ಇಳಿಜಾರಾಗಿ ಕೊರೆಯಬೇಕು.

ಕರೆಂಟು ಮತ್ತು ಅಡಾಪ್ಟರ್

ಮೋಡೆಮ್ ತನ್ನಷ್ಟಕ್ಕೆ ಆರಿ ಹೊತ್ತಿಕೊಳ್ಳುತ್ತಿದ್ದರೆ, ಅದರಲ್ಲೂ ಎಲ್ಲರೂ ವಿಡಿಯೊ ನೋಡುವ ಹೊತ್ತಿನಲ್ಲಿ ಹಾಗಾದರೆ, ಅಡಾಪ್ಟರನ್ನು ಸಂಶಯಿಸಿ. ಸುಮ್ಮನೆ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸಿ, ಭಾರ ಬಿದ್ದಾಗ 10ಕ್ಕೆ ಇಳಿಯುವ ಅಡಾಪ್ಟರುಗಳು ಬೇಕಾದಷ್ಟಿವೆ. ಒಳಗಿನ ಕೆಪಾಸಿಟರ್ ಉಬ್ಬಿರುತ್ತದೆ. ಹೊಸದು ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. 12 ವೋಲ್ಟ್ 1 ಆಂಪಿಯರ್ ಎಂದು ಬರೆದಲ್ಲಿ 12 ವೋಲ್ಟ್ 2 ಆಂಪಿಯರ್ ಹಾಕಬಹುದು, 9 ವೋಲ್ಟಿನದ್ದು ಹಾಕಬಾರದು. ಪಿನ್ನಿನ ಧನ–ಋಣ ಗುರುತು ಮತ್ತು ದಪ್ಪವನ್ನೂ ಹೋಲಿಸಿ.

ಇನ್ವರ್ಟರ್ ಇದ್ದರೂ ಕರೆಂಟು ಹೋದ ಕ್ಷಣ ಮೋಡೆಮ್ ರೀಸ್ಟಾರ್ಟ್ ಆದರೆ ಇನ್ವರ್ಟರ್ ಬದಲಾಗುವ ಅರೆಕ್ಷಣವನ್ನು ಅಡಾಪ್ಟರ್ ತಡೆದುಕೊಳ್ಳುತ್ತಿಲ್ಲ. ರೂಟರಿಗೆಂದೇ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್ ಒಂದು ಇದ್ದರೆ ಈ ತಾಪತ್ರಯ ತೀರುತ್ತದೆ. ಆದರೆ ಕಂಪನಿ ಕಂಬದಲ್ಲಿ ಕರೆಂಟು ಬೇಕಾಗುವ ನೆಟ್‌ವರ್ಕ್ ಸ್ವಿಚ್ (ಸಂಪರ್ಕವನ್ನು ಮನೆಗಳಿಗೆ ಹಂಚುವ ಯಂತ್ರ) ಇಟ್ಟಿದ್ದರೆ ನಿಮ್ಮ ಮನೆಯ ಬ್ಯಾಟರಿಯಿಂದ ಪ್ರಯೋಜನವಿಲ್ಲ. ಬರೀ ಸ್ಪ್ಲಿಟರ್ ಇರುವ ಫೈಬರ್‌ಗೆ ದಾರಿಯಲ್ಲಿ ಕರೆಂಟು ಬೇಡ. ಸಂಪರ್ಕ ತೆಗೆದುಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು, ಸ್ಪೀಡ್ ಎಷ್ಟು ಎಂಬುದಲ್ಲ.

ಡಯಲ್ ಆಗದಿದ್ದರೆ

ಬ್ರಾಡ್‌ಬ್ಯಾಂಡ್‌ನಲ್ಲಿ ಡಯಲ್ ಎಂದರೆ ನಂಬರ್ ಒತ್ತುವುದಲ್ಲ. ಪಿಪಿಪಿಒಇ ಎಂಬ ಪದ್ಧತಿಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕಳಿಸಿ ಕಂಪನಿಯ ಸರ್ವರಿನಲ್ಲಿ ಒಂದು ಸೆಶನ್ ತೆರೆಯುವುದು. ಇದನ್ನು ಮೋಡೆಮ್ ಮಾಡಬಹುದು, ರೂಟರ್ ಮಾಡಬಹುದು, ಕಂಪ್ಯೂಟರ್ ಮಾಡಬಹುದು. ಮಾಡುವವರು ಒಬ್ಬರೇ ಇರಬೇಕು. ರೂಟರಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಯೂಸರ್‌ನೇಮ್ ಇಟ್ಟರೆ ಒಂದು ಒಳಗೆ ಹೋದಾಗ ಇನ್ನೊಂದಕ್ಕೆ ಬಾಗಿಲು ಮುಚ್ಚುತ್ತದೆ.

ವಿಂಡೋಸ್‌ನಿಂದ ನೇರ ಡಯಲ್ ಮಾಡುವವರಿಗೆ ಎರರ್ ನಂಬರೇ ದಾರಿ ತೋರಿಸುತ್ತದೆ.

651 (ಹಳೆ ವಿಂಡೋಸ್‌ನಲ್ಲಿ 678) ಬಂದರೆ ಆ ಕಡೆಯಿಂದ ಉತ್ತರವೇ ಬಂದಿಲ್ಲ. ಪಾಸ್‌ವರ್ಡ್ ಕೇಳುವ ಹಂತಕ್ಕೇ ಹೋಗಿಲ್ಲ, ಆದ್ದರಿಂದ ಅದನ್ನು ಬದಲಿಸಿ ಫಲವಿಲ್ಲ. ಲ್ಯಾನ್ ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಾಗಿದೆಯೇ, ಮೋಡೆಮ್ ನಿಜಕ್ಕೂ ಬ್ರಿಡ್ಜ್ ಮೋಡ್‌ನಲ್ಲಿದೆಯೇ, ಪಾನ್ ಅಥವಾ (ತಾಮ್ರದ ಲೈನಾದರೆ) ಡಿಎಸ್‌ಎಲ್ ದೀಪ ಸ್ಥಿರವಾಗಿದೆಯೇ ನೋಡಿ. ಎಲ್ಲಾ ಸರಿಯಿದ್ದೂ 651 ಬಂದರೆ ಮೋಡೆಮ್‌ನಲ್ಲಿ ವಿಲ್ಯಾನ್ ನಂಬರ್ (ಕಂಪನಿಯ ಜಾಲದಲ್ಲಿ ನಿಮ್ಮ ಸಂಪರ್ಕದ ದಾರಿ ಗುರುತಿಸುವ ಸಂಖ್ಯೆ) ತಪ್ಪಿರಬಹುದು. ಅದು ಏರಿಯಾದಿಂದ ಏರಿಯಾಕ್ಕೆ ಬೇರೆ ಇರುತ್ತದೆ, ಕಂಪನಿಯಿಂದಲೇ ಕೇಳಿ ಪಡೆಯಬೇಕು. ರೂಟರಿನ ಲಾಗ್‌ನಲ್ಲಿ ಇದೇ ತೊಂದರೆ ಪಿಎಡಿಒ ಟೈಮ್‌ಔಟ್ (ಸರ್ವರಿನ ಉತ್ತರಕ್ಕೆ ಕಾದು ಸಮಯ ಮುಗಿಯಿತು) ಎಂದು ಬರುತ್ತದೆ.

691 ಬಂದರೆ ಉತ್ತರ ಬಂದಿದೆ, ಒಳಗೆ ಬಿಡಲಿಲ್ಲ. ಯೂಸರ್‌ನೇಮನ್ನು @ ಗುರುತಿನ ನಂತರದ ಭಾಗವೂ ಸೇರಿ ಹಾಕಿದ್ದೀರಾ, ದೊಡ್ಡಕ್ಷರ–ಸಣ್ಣಕ್ಷರ ಸರಿಯಿದೆಯೇ, ಬಿಲ್ ಬಾಕಿ ಇದೆಯೇ ನೋಡಿ. ಇವು ಮೂರೂ ಸರಿಯಿದ್ದು, ಕರೆಂಟು ಫಕ್ಕನೆ ಹೋಗಿ ಬಂದ ಮೇಲಷ್ಟೇ 691 ಬರುತ್ತಿದ್ದರೆ ಕಾರಣ ಬೇರೆ: ನಿಮ್ಮ ಹಳೆ ಸೆಶನ್ ಸರ್ವರಿನಲ್ಲಿ ಇನ್ನೂ ಮುಚ್ಚಿಲ್ಲ, ನೀವು ಒಳಗಿದ್ದೀರೆಂದೇ ಅದು ತಿಳಿದಿದೆ. ಮತ್ತೆ ಮತ್ತೆ ಡಯಲ್ ಒತ್ತುವುದನ್ನು ಬಿಟ್ಟು ಮೋಡೆಮನ್ನು ಹದಿನೈದು ನಿಮಿಷ ಪೂರ್ತಿ ಆಫ್ ಮಾಡಿಡಿ. ಆಮೇಲೂ ಬಾರದಿದ್ದರೆ ಸೆಶನ್ ಕ್ಲಿಯರ್ ಮಾಡಿ ಎಂದು ಕಂಪನಿಗೆ ಹೇಳಿ. ಆ ಮಾತು ಹೇಳಿದರೆ ಅವರಿಗೆ ಎರಡು ನಿಮಿಷದ ಕೆಲಸ. ಹೊಸ ರೂಟರ್ ಹಾಕಿದ ದಿನವೇ 691 ಬಂದರೆ ಕಂಪನಿಯವರು ಹಳೆ ರೂಟರಿನ ಮ್ಯಾಕ್ ಅಡ್ರೆಸ್‌ಗೆ (ಪ್ರತಿ ಯಂತ್ರಕ್ಕೂ ಇರುವ ಗುರುತಿನ ಸಂಖ್ಯೆ) ಖಾತೆ ಕಟ್ಟಿರಬಹುದು. ಬಿಡಿಸಲು ಹೇಳಿ, ಇಲ್ಲವೇ ಹೊಸ ರೂಟರಿನ ಮ್ಯಾಕ್ ಕ್ಲೋನ್ ಜಾಗದಲ್ಲಿ ಹಳೆ ಅಡ್ರೆಸ್ ಹಾಕಿ.

720 ಕಂಡರೆ ತೊಂದರೆ ವಿಂಡೋಸ್‌ನೊಳಗಿನದ್ದು. ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯಾನ್ ಮಿನಿಪೋರ್ಟ್‌ಗಳನ್ನು (ಡಯಲ್ ಮಾಡಲು ವಿಂಡೋಸ್ ಬಳಸುವ ಒಳಗಿನ ಅಡಾಪ್ಟರುಗಳು) ತೆಗೆದುಹಾಕಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಅವು ಹೊಸದಾಗಿ ಬರುತ್ತವೆ. 769 ಎಂದರೆ ನೆಟ್‌ವರ್ಕ್ ಕನೆಕ್ಷನ್ಸ್ ಪುಟದಲ್ಲಿ ಲ್ಯಾನ್ ಕಾರ್ಡ್ ಡಿಸೇಬಲ್ ಆಗಿದೆ. ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿ.

ಕನೆಕ್ಷನ್ ಐಕಾನ್ ಅಳಿಸಿಹೋಗಿದ್ದರೆ ಮತ್ತೆ ಮಾಡಿಕೊಳ್ಳುವುದು ಹೀಗೆ: ಸೆಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಡಯಲ್-ಅಪ್, ಸೆಟ್ ಅಪ್ ಎ ನ್ಯೂ ಕನೆಕ್ಷನ್, ಕನೆಕ್ಟ್ ಟು ದಿ ಇಂಟರ್ನೆಟ್, ಬ್ರಾಡ್‌ಬ್ಯಾಂಡ್ ಪಿಪಿಪಿಒಇ. ಅಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಒತ್ತಿ.

ಡಯಲ್ ಆಗಿದೆ, ಕೆಲವು ಸೈಟ್ ತೆರೆಯುತ್ತವೆ, ಬ್ಯಾಂಕಿನ ಪುಟ ಮಾತ್ರ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಹೆಚ್ಚಾಗಿ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದೆಂಬ ಮಿತಿ) ಕಾರಣ. ಸಾಮಾನ್ಯ ಲ್ಯಾನ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್. ಪಿಪಿಪಿಒಇ ತನಗೆಂದು 8 ಬೈಟ್ ತೆಗೆದುಕೊಳ್ಳುವುದರಿಂದ 1492 ಉಳಿಯುತ್ತದೆ. ರೂಟರಿನ ವ್ಯಾನ್ (ಹೊರ ಸಂಪರ್ಕದ) ಪುಟದಲ್ಲಿ ಎಂಟಿಯು 1492 ಎಂದು ಹಾಕಿ, ಸರಿಹೋಗದಿದ್ದರೆ 1452 ಇಟ್ಟು ನೋಡಿ. ಯಾವ ಸೈಟೂ ಹೆಸರಿನಿಂದ ತೆರೆಯದೆ, 8.8.8.8ಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂಬ ಪರೀಕ್ಷೆ) ಮಾತ್ರ ಹೋಗುತ್ತಿದ್ದರೆ ಕೆಟ್ಟಿರುವುದು ಡಿಎನ್‌ಎಸ್, ಅಂದರೆ ಸೈಟಿನ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ. ರೂಟರಿನಲ್ಲಿ 8.8.8.8 ಮತ್ತು 1.1.1.1 ಹಾಕಿ.

ಎಲ್ಲಕ್ಕಿಂತ ದೊಡ್ಡ ಬೇಡಿಕೆ: ಮೋಡೆಮ್ ಹಿಂದಿನ ಸೂಜಿತೂತಿನ ರೀಸೆಟ್ ಬಟನ್ ಒತ್ತಬೇಡಿ. ಅದನ್ನು ಹತ್ತು ಸೆಕೆಂಡ್ ಹಿಡಿದರೆ ಯೂಸರ್‌ನೇಮ್, ವಿಲ್ಯಾನ್, ವೈ-ಫೈ ಹೆಸರು ಎಲ್ಲವೂ ಅಳಿಯುತ್ತವೆ. ಹತ್ತು ನಿಮಿಷ ಕಾದರೆ ತಾನಾಗಿ ಬರುತ್ತಿದ್ದ ಸಂಪರ್ಕ, ಆಮೇಲೆ ಲೈನ್‌ಮ್ಯಾನ್ ಬರುವವರೆಗೂ ಬರುವುದಿಲ್ಲ. ಒತ್ತಲೇಬೇಕಾದರೆ ಮೊದಲು ಸೆಟಿಂಗ್ ಪುಟಗಳ ಫೋಟೊ ತೆಗೆದಿಡಿ.

ಇನ್ನೂ ತಾಮ್ರದ ಫೋನ್ ಲೈನ್ ಇರುವವರಿಗೆ

ಫೋನ್ ಲೈನಿನ ಎಡಿಎಸ್‌ಎಲ್ ಇನ್ನೂ ಬಳಸುವವರಿಗೆ ಪರೀಕ್ಷೆಯ ಉಪಕರಣ ಮನೆಯಲ್ಲೇ ಇದೆ. ಹ್ಯಾಂಡ್‌ಸೆಟ್ ಎತ್ತಿ ಕಿವಿಗಿಡಿ. ಡಯಲ್ ಟೋನ್ ಇಲ್ಲದಿದ್ದರೆ ಲೈನ್ ತುಂಡಾಗಿದೆ. ಟೋನ್ ಇದ್ದು ಹುರಿದಂತೆ ಚರಚರ ಸದ್ದಿದ್ದರೆ ಜಾಯಿಂಟಿಗೆ ನೀರು ಇಳಿದಿದೆ ಅಥವಾ ತಾಮ್ರಕ್ಕೆ ಕಿಲುಬು ಹಿಡಿದಿದೆ. ಮಳೆ ಬಂದಾಗ ನೆಟ್ ಹೋಗಿ ಬಿಸಿಲಿಗೆ ತಾನಾಗಿ ಬರುವುದು ಇದರಿಂದಲೇ. ಗೋಡೆಯ ರೋಸೆಟ್ ಪೆಟ್ಟಿಗೆ ಬಿಚ್ಚಿದರೆ ಸ್ಕ್ರೂಗಳ ಮೇಲೆ ಹಸಿರು ಪುಡಿ ಕಾಣುತ್ತದೆ. ವಯರಿನ ತುದಿ ಒಂದು ಇಂಚು ಕತ್ತರಿಸಿ, ಹೊಸದಾಗಿ ಸುಲಿದು, ಸ್ಕ್ರೂ ಉಜ್ಜಿ ಬಿಗಿಯಿರಿ. ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ರಿಂಗ್ ಆದಾಗ ಎಸಿ 75 ವೋಲ್ಟಿಗೂ ಮೀರಬಹುದು. ಒದ್ದೆ ಕೈಯಲ್ಲಿ ಮುಟ್ಟಬೇಡಿ.

ಫೋನಿನ ಮತ್ತು ನೆಟ್ಟಿನ ಸಿಗ್ನಲ್ ಬೇರ್ಪಡಿಸುವ ಸ್ಪ್ಲಿಟರಿನಲ್ಲಿ (ಫೈಬರಿನದ್ದಲ್ಲ) ಮೂರು ತೂತು: ಲೈನ್, ಫೋನ್, ಮೋಡೆಮ್. ಸ್ಪ್ಲಿಟರಿಗೆ ಮೊದಲೇ ಕವಲೊಡೆದು ಚಾವಡಿಗೆ ಒಂದು, ಮಾಳಿಗೆಗೆ ಒಂದು ಎಂದು ಪ್ಯಾರಲಲ್ ಫೋನ್ ಕೊಟ್ಟಿದ್ದರೆ, ಫೋನ್ ರಿಂಗಾದಾಗಲೆಲ್ಲ ನೆಟ್ ಕಡಿಯುತ್ತದೆ. ಮೋಡೆಮ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆದುಕೊಳ್ಳಲು ಸಿಗ್ನಲ್‌ಗಿರುವ ಮೀಸಲು) 6 ಡಿಬಿಗಿಂತ ಕಡಿಮೆ ಇದ್ದರೆ ಲೈನ್ ನಿಲ್ಲುವುದಿಲ್ಲ, 10ಕ್ಕಿಂತ ಮೇಲಿದ್ದರೆ ನೆಮ್ಮದಿ. ಅಟೆನ್ಯುಯೇಶನ್ (ದಾರಿಯಲ್ಲಿ ಸಿಗ್ನಲ್ ಕುಗ್ಗುವ ಪ್ರಮಾಣ) 60 ಡಿಬಿ ದಾಟಿದ್ದರೆ ಎಕ್ಸ್‌ಚೇಂಜ್ ತೀರಾ ದೂರವಾಯಿತು, ಮೋಡೆಮ್ ಬದಲಿಸಿ ಪ್ರಯೋಜನವಿಲ್ಲ. ರೀಸೆಟ್ ಆಗಿ ಸೆಟಿಂಗ್ ಹೋಗಿದ್ದರೆ ಬಿಎಸ್‌ಎನ್‌ಎಲ್ ಎಡಿಎಸ್‌ಎಲ್‌ಗೆ ಮೋಡೆಮ್ ಪುಟದಲ್ಲಿ ತುಂಬಬೇಕಾದ ಸಂಖ್ಯೆಗಳು ವಿಪಿಐ 0, ವಿಸಿಐ 35.

ಸಿಡಿಲು

ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ ಎಂಬುದು ನಿಜ. ಆದರೆ ಜೊತೆಗಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ, ಕರೆಂಟಿನ ಲೈನಿನಲ್ಲಿ ಹರಿಯುತ್ತದೆ, ಹಟ್ಟಿಯ ಸಿಸಿಟಿವಿಗೆ ಎಳೆದ ಲ್ಯಾನ್ ಕೇಬಲ್ಲಿನಲ್ಲೂ ಹರಿಯುತ್ತದೆ. ಉಕ್ಕಿನ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ನಿಲ್ಲಿಸಿ ಕತ್ತರಿಸಬೇಕು, ಕಿಟಕಿ ಸರಳಿಗೆ ಸುತ್ತಬಾರದು. ಮೊದಲ ಗುಡುಗು ಕೇಳುವ ಮುಂಚೆಯೇ, ಮೋಡ ಕಟ್ಟಿದಾಗ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಬರೇ ಸ್ವಿಚ್ ಆಫ್ ಸಾಲದು. ತಾಮ್ರದ ಲೈನಾದರೆ ಫೋನ್ ವಯರನ್ನೂ, ಹೊರಗೆ ಹೋಗುವ ಲ್ಯಾನ್ ಕೇಬಲ್ಲನ್ನೂ ಕಳಚಿ. ಗುಡುಗು ಶುರುವಾದ ಮೇಲೆ ವಯರು ಮುಟ್ಟುವುದು ಅಪಾಯ, ಆಗ ಮೋಡೆಮ್ ಹೋದರೆ ಹೋಗಲಿ.

ಸಿಡಿಲಿನ ಮರುದಿನ ಮೋಡೆಮ್ ದೀಪಗಳೆಲ್ಲ ಸರಿಯಿದ್ದು ಕಂಪ್ಯೂಟರಿಗೆ ಮಾತ್ರ ನೆಟ್ ಇಲ್ಲವೆಂದರೆ ಒಂದು ಲ್ಯಾನ್ ಪೋರ್ಟ್ ಸುಟ್ಟಿರಬಹುದು. ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ. ಸುಟ್ಟದ್ದು ಕಂಪ್ಯೂಟರಿನ ಪೋರ್ಟ್ ಆಗಿದ್ದರೆ ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಸಾಕು, ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ.

ವೈ-ಫೈ

ಲ್ಯಾನ್ ಕೇಬಲ್ಲಿನಲ್ಲಿ ಪೂರ್ತಿ ಸ್ಪೀಡ್ ಬಂದು ವೈ-ಫೈಯಲ್ಲಿ ಬಾರದಿದ್ದರೆ ಕಂಪನಿಯ ತಪ್ಪಿಲ್ಲ. ಮುರಕಲ್ಲಿನ ದಪ್ಪ ಗೋಡೆ ಎರಡು ದಾಟಿದರೆ 5 ಗಿಗಾಹರ್ಟ್ಸ್ ಸಿಗ್ನಲ್ ಉಳಿಯುವುದು ಕಷ್ಟ. ಒದ್ದೆ ಗೋಡೆ ಇನ್ನೂ ಹೆಚ್ಚು ಹೀರುತ್ತದೆ. ದೂರದ ಕೋಣೆಗೆ 2.4 ಬಳಸಿ, ಚಾನೆಲ್ 1, 6 ಅಥವಾ 11ರಲ್ಲಿ ಖಾಲಿ ಇರುವುದನ್ನು ಆರಿಸಿ. ಹಳೆ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ, ಅಟ್ಟದ ಮೇಲಿಂದ ಒಂದು ಕ್ಯಾಟ್-6 ಕೇಬಲ್ ಎಳೆದು ಆಚೆ ತುದಿಯಲ್ಲಿ ಇನ್ನೊಂದು ರೂಟರ್ ಇಡುವುದು. 100 ಮೀಟರ್‌ವರೆಗೆ ಹೋಗಬಹುದು. ಎರಡನೇ ರೂಟರಿನ ವಿಳಾಸ 192.168.1.2 ಮಾಡಿ, ಅದರ ಡಿಎಚ್‌ಸಿಪಿ (ಫೋನು, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೇ ಹಾಕಿ. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಪ್ಲಾನಿನ ಡೇಟಾ ಮಿತಿ ಮುಗಿದಿದೆಯೇ ನೋಡಿ.

ದೂರು ಕೊಡುವಾಗ

ನೆಟ್ ಇಲ್ಲ ಎಂದಷ್ಟೇ ಹೇಳಿದರೆ ಲೈನ್‌ಮ್ಯಾನ್ ಬರಿಗೈಯಲ್ಲಿ ಬಂದು ನೋಡಿ ಹೋಗಿ ಮತ್ತೆ ಬರಬೇಕು. ಎಲ್‌ಒಎಸ್ ಕೆಂಪು, ನಿನ್ನೆ ರಾತ್ರಿಯ ಗಾಳಿಯಿಂದ, ಪಕ್ಕದ ಮನೆಯಲ್ಲೂ ಇಲ್ಲ ಎಂದು ಹೇಳಿ. ಪಕ್ಕದ ಮನೆಯಲ್ಲಿ ಇದೆ ಎಂದಾದರೆ ತೊಂದರೆ ನಿಮ್ಮ ಡ್ರಾಪ್ ವಯರಿನಲ್ಲಿ, ಇಲ್ಲ ಎಂದಾದರೆ ಸ್ಪ್ಲಿಟರ್ ಅಥವಾ ಅದರ ಆಚೆ. ಅವರು ತರುವ ಸಾಮಾನೇ ಬೇರೆಯಾಗುತ್ತದೆ. ಪಾನ್ ಸರಿಯಿದ್ದರೆ ಎರರ್ ನಂಬರ್ ಹೇಳಿ, ಫೋನಿನಲ್ಲೇ ಕೆಲಸ ಆಗಬಹುದು. ರಿಪೇರಿ ಮುಗಿದ ಮೇಲೆ ಅವರು ಏಣಿ ಮಡಚುವ ಮುಂಚೆ ಆರ್‌ಎಕ್ಸ್ ಪವರ್ ಇನ್ನೊಮ್ಮೆ ತೆರೆದು ಅವರಿಗೇ ತೋರಿಸಿ. ಮೊದಲಿದ್ದದ್ದಕ್ಕಿಂತ 2 ಡಿಬಿಗೂ ಹೆಚ್ಚು ಇಳಿದಿದ್ದರೆ ಜಾಯಿಂಟನ್ನು ಆಗಲೇ ಮತ್ತೆ ಮಾಡಿಸಿಕೊಳ್ಳಿ. ಸರಿಯಿದ್ದರೆ ಆ ಅಂಕಿಯನ್ನೂ ತಾರೀಕನ್ನೂ ಮೋಡೆಮ್‌ನ ತಳದ ಚೀಟಿಯ ಪಕ್ಕದಲ್ಲಿ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿಡಿ.